ದಾರಿ ತೋರುವವರ ಸಂಬಳ

ಈ ಬೇಸಿಗೆಯಲ್ಲಿ ಗದಗ ಜಿಲ್ಲೆಯ ಒಂದು ಗ್ರಾಮದಿಂದ ತಾಯಿಯೊಬ್ಬರು ಬರೆದ ನಾಲ್ಕು ಪುಟಗಳ ಪತ್ರ ನಮಗೆ ತಲುಪಿತು. ಅವರ ಮಗಳು ಧಾರವಾಡದಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿ ಮನೆಗೆ ಮರಳಿದ್ದಳು. ಅವಳಿಗೆ ಎರಡು ಕಡೆಗಳಿಂದ ಕರೆ ಬಂದಿತ್ತು. ಒಂದು, ವಸತಿ ಶಾಲೆಯೊಂದರಲ್ಲಿ ಮಕ್ಕಳ ಸಲಹೆಗಾರ್ತಿಯ ಕೆಲಸ. ತಿಂಗಳಿಗೆ 22 ಸಾವಿರ ರೂಪಾಯಿ, ಊಟ ವಸತಿ ಶಾಲೆಯದೇ. ಇನ್ನೊಂದು, ವಿದೇಶಗಳ ವಿಶ್ವವಿದ್ಯಾಲಯಗಳಿಗೆ ವಿದ್ಯಾರ್ಥಿಗಳನ್ನು ಸೇರಿಸಿಕೊಡುವ ಹುಬ್ಬಳ್ಳಿಯ ಸಂಸ್ಥೆಯೊಂದರಲ್ಲಿ ‘ಕೌನ್ಸೆಲರ್’ ಹುದ್ದೆ. ಆರಂಭಕ್ಕೇ 38 ಸಾವಿರ, ಅದರ ಮೇಲೆ ಸೇರಿಸಿದ ತಲೆಗಿಷ್ಟು ಎಂದು ಪ್ರೋತ್ಸಾಹಧನ. ತಂದೆ ನಿವೃತ್ತಿಯ ಅಂಚಿನಲ್ಲಿದ್ದಾರೆ. ಮಗಳ ಓದಿಗೆ ತೆಗೆದ ಸಾಲ ಇನ್ನೂ ಅರ್ಧ ಉಳಿದಿದೆ. ತಮ್ಮನಿಗೆ ಮುಂದಿನ ವರ್ಷ ಪಿಯುಸಿ. “ಎರಡು ಕೆಲಸಗಳಿಗೂ ಹೆಸರು ಒಂದೇ ಆಗಿರುವಾಗ ಹೆಚ್ಚು ಸಂಬಳ ಕೊಡುವ ಕಡೆಗೆ ಹೋಗುವುದರಲ್ಲಿ ತಪ್ಪೇನು? ಅವಳು ಶಾಲೆಗೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಮೂರು ವಾರಗಳಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಮಾತಿಲ್ಲ” ಎಂದು ಆ ತಾಯಿಯವರು ಬರೆದಿದ್ದರು.

ಅವರಿಗೆ ಆಗಲೇ ಖಾಸಗಿಯಾಗಿ ಉತ್ತರ ಬರೆದೆವು. ಆದರೆ ಮನಶ್ಶಾಸ್ತ್ರ, ಸಮಾಜಕಾರ್ಯ ಇತ್ಯಾದಿ ವಿಷಯಗಳನ್ನು ಓದಿದ ಹೆಣ್ಣುಮಕ್ಕಳು ನಮ್ಮ ಬಂಧುವರ್ಗದ ಅನೇಕ ಮನೆಗಳಲ್ಲಿ ಇರುವುದರಿಂದಲೂ, ಅವರಿಗೆ ಮುಂದೇನು ಎಂಬ ಪ್ರಶ್ನೆಯನ್ನು ಬೇರೆ ಬೇರೆ ಊರುಗಳ ಓದುಗರು ನಮ್ಮೊಡನೆ ಎತ್ತಿರುವುದರಿಂದಲೂ, ಆ ಕುಟುಂಬದವರ ಅನುಮತಿ ಪಡೆದು, ಊರು ಹೆಸರುಗಳನ್ನು ಮರೆಮಾಡಿ, ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇವೆ.

ಮೊದಲು ಆ ಶಬ್ದದ ಬಗ್ಗೆಯೇ ಎರಡು ಮಾತು ಹೇಳಬೇಕು. ‘ಕೌನ್ಸೆಲಿಂಗ್’ ಎಂಬ ಪದ ಕನ್ನಡ ನಾಡಿನ ಸಾಮಾನ್ಯ ಮನೆಗಳ ಒಳಗೆ ಬಂದದ್ದು ಮನಶ್ಶಾಸ್ತ್ರದ ಬಾಗಿಲಿನಿಂದಲ್ಲ. ವಂತಿಗೆ ಹಣದ ಪಿಡುಗಿನ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿಯೂ 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿಯೂ ತೀರ್ಪು ನೀಡಿದ ಬಳಿಕ, 1994ರಲ್ಲಿ ನಮ್ಮ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷಾ ಘಟಕ ಏರ್ಪಟ್ಟಿತು. ಅಂಕ, ರ‍್ಯಾಂಕುಗಳ ಕ್ರಮದಲ್ಲಿ ಮಕ್ಕಳನ್ನು ಬೆಂಗಳೂರಿಗೆ ಕರೆದು ಸೀಟು ಹಂಚುವ ಕಾರ್ಯಕ್ಕೆ ‘ಕೌನ್ಸೆಲಿಂಗ್’ ಎಂದು ಹೆಸರಿಟ್ಟರು. ಬಡವರ ಮನೆಯ ಜಾಣ ಮಗುವಿಗೆ ಆ ವ್ಯವಸ್ಥೆ ಬಾಗಿಲು ತೆರೆಯಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಲ್ಲಿ ಸಲಹೆ ಎಂಬುದು ಮಾತ್ರ ಇರಲಿಲ್ಲ.

ಇದನ್ನು ನಾವು ಕೇಳಿ ಬರೆಯುತ್ತಿಲ್ಲ, ಅನುಭವಿಸಿ ಬರೆಯುತ್ತಿದ್ದೇವೆ. 1996ರಲ್ಲಿ ನಮ್ಮ ಅಣ್ಣನ ಮಗನನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದವರು ನಾವೇ. ಅಣ್ಣನವರಿಗೆ ಹೊಲದ ಕೆಲಸ ಬಿಡುವಂತಿರಲಿಲ್ಲ. ಓದಿದವರು ನೀವು, ನೀವೇ ನೋಡಿ ಆರಿಸಿರಿ ಎಂದು ಹೇಳಿ ಕಳಿಸಿದ್ದರು. ಸಭಾಂಗಣದಲ್ಲಿ ಉಳಿದ ಸೀಟುಗಳ ಪಟ್ಟಿ ಕಣ್ಣೆದುರಿಗೇ ಕರಗುತ್ತಿತ್ತು. ಹುಡುಗನ ಸರದಿ ಬರುವ ವೇಳೆಗೆ ನಾವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಯಾವ ಕಾಲೇಜೂ ಉಳಿದಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತರೊಬ್ಬರು ಇಂಥ ಶಾಖೆಗೆ ಮುಂದೆ ಬಹಳ ಬೇಡಿಕೆ ಬರುತ್ತದೆ ಎಂದರು. ನಾವು ಅದನ್ನೇ ತೆಗೆದುಕೊಳ್ಳುವಂತೆ ಹುಡುಗನಿಗೆ ಹೇಳಿದೆವು. ಅವನ ಮುಖವನ್ನು ಒಮ್ಮೆ ನೋಡಿದ್ದರೂ ಸಾಕಿತ್ತು. ನೋಡಲಿಲ್ಲ. ಮೂರನೆಯ ವರ್ಷ ಅವನು ಕಾಲೇಜು ಬಿಟ್ಟು ಮನೆಗೆ ಬಂದನು. ಈಗ ತಾಲ್ಲೂಕು ಕೇಂದ್ರದಲ್ಲಿ ಹನಿ ನೀರಾವರಿ ಸಾಮಗ್ರಿಗಳ ಅಂಗಡಿ ಇಟ್ಟು ನೆಮ್ಮದಿಯಿಂದ ಇದ್ದಾನೆ. ನಮ್ಮ ಮೇಲೆ ಅವನಿಗೆ ಸಿಟ್ಟಿಲ್ಲ. ಆದರೆ ಆ ಮೂರು ವರ್ಷಗಳ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಾನೆ. ಅಂದು ಆ ಸಭಾಂಗಣದಲ್ಲಾಗಲಿ, ಅದಕ್ಕೂ ಮೊದಲು ಅವನ ಪ್ರೌಢಶಾಲೆಯಲ್ಲಾಗಲಿ, “ನಿನಗೆ ಏನು ಇಷ್ಟ, ನಿನಗೆ ಏನು ಬರುತ್ತದೆ” ಎಂದು ಅವನನ್ನು ಕುಳ್ಳಿರಿಸಿ ಕೇಳುವುದಕ್ಕೆ ಸಂಬಳ ಪಡೆಯುವ ಒಬ್ಬ ವ್ಯಕ್ತಿಯೂ ಇರಲಿಲ್ಲ. ಇಂದು ಆ ಸರದಿಯ ಸಾಲೂ ಇಲ್ಲ. ಮನೆಯಲ್ಲಿಯೇ ಗಣಕಯಂತ್ರದ ಮುಂದೆ ಕುಳಿತು ಆಯ್ಕೆಗಳನ್ನು ಕ್ರಮವಾಗಿ ನಮೂದಿಸಿದರಾಯಿತು. ಕೇಳುವ ವ್ಯಕ್ತಿ ಮಾತ್ರ ಈಗಲೂ ಅಪರೂಪವೇ.

ಅಂಥ ವ್ಯಕ್ತಿಯ ಕೆಲಸವನ್ನು ಒಂದು ವೃತ್ತಿಯನ್ನಾಗಿ ಮೊದಲು ರೂಪಿಸಿದ ದೇಶ ಅಮೆರಿಕ. 1908ರ ಜನವರಿಯಲ್ಲಿ ಬೋಸ್ಟನ್ ನಗರದಲ್ಲಿ ಫ್ರ್ಯಾಂಕ್ ಪಾರ್ಸನ್ಸ್ ಎಂಬವರು ಒಂದು ವೃತ್ತಿ ಮಾರ್ಗದರ್ಶನ ಕೇಂದ್ರವನ್ನು ತೆರೆದರು. ಹೊರದೇಶಗಳಿಂದ ವಲಸೆ ಬಂದ ಬಡ ಕುಟುಂಬಗಳ ಯುವಕರು ನೆಲೆಸಿದ್ದ ಬಡಾವಣೆ ಅದು. ಮೊದಲು ನಿನ್ನನ್ನು ನೀನು ತಿಳಿ, ಆಮೇಲೆ ಕೆಲಸಗಳ ಸ್ವರೂಪವನ್ನು ತಿಳಿ, ಬಳಿಕ ಎರಡನ್ನೂ ತಾಳೆ ನೋಡು ಎಂಬುದು ಅವರ ವಿಧಾನದ ತಿರುಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಪುಸ್ತಕ ಪ್ರಕಟವಾದದ್ದು 1909ರಲ್ಲಿ. ಮುಂದೆ 1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕಕ್ಕೆ ಭಯ ಹುಟ್ಟಿತು. ಜಾಣ ಮಕ್ಕಳನ್ನು ಗುರುತಿಸಿ ವಿಜ್ಞಾನದ ಕಡೆಗೆ ಕಳಿಸಬೇಕೆಂದು 1958ರಲ್ಲಿ ಒಂದು ರಾಷ್ಟ್ರೀಯ ಕಾಯಿದೆ ಮಾಡಿ, ಶಾಲಾ ಸಲಹೆಗಾರರ ತರಬೇತಿಗೆ ಸರ್ಕಾರವೇ ಹಣ ಸುರಿಯಿತು. ಬಡವರ ಮಕ್ಕಳಿಗಾಗಿ ಹುಟ್ಟಿದ ಕೆಲಸ ಹೀಗೆ ರಾಕೆಟ್ಟಿನ ಬಾಲ ಹಿಡಿದು ದೇಶವನ್ನೆಲ್ಲ ವ್ಯಾಪಿಸಿತು.

ಈಗ ಅಲ್ಲಿ ಶಾಲಾ ಸಲಹೆಗಾರರಾಗಬೇಕಾದರೆ ಬಹುಪಾಲು ರಾಜ್ಯಗಳಲ್ಲಿ ಆ ವಿಷಯದ ಸ್ನಾತಕೋತ್ತರ ಪದವಿಯೂ, ರಾಜ್ಯ ಕೊಡುವ ಪರವಾನಗಿಯೂ ಬೇಕು. ಅಲ್ಲಿನ ಕೇಂದ್ರ ಸರ್ಕಾರದ ಕಾರ್ಮಿಕ ಅಂಕಿ ಅಂಶಗಳ ಇಲಾಖೆಯ ಪ್ರಕಾರ 2024ರ ಮೇ ತಿಂಗಳಲ್ಲಿ ಶಾಲಾ ಸಲಹೆಗಾರರೂ ವೃತ್ತಿ ಸಲಹೆಗಾರರೂ ಸೇರಿದ ಈ ವರ್ಗದ ಮಧ್ಯಮ ವಾರ್ಷಿಕ ವೇತನ 65,140 ಡಾಲರು. ಅಂದರೆ ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು, ಅರ್ಧದಷ್ಟು ಜನ ಇದಕ್ಕಿಂತ ಕಡಿಮೆ ಗಳಿಸುತ್ತಾರೆ. ಇದನ್ನು ರೂಪಾಯಿಗಳಿಗೆ ಗುಣಿಸಿ ನಮ್ಮ ಓದುಗರು ಬೆರಗಾಗಬಾರದು. ಅಲ್ಲಿ ಮನೆ ಬಾಡಿಗೆಯನ್ನೂ ಡಾಲರಿನಲ್ಲಿಯೇ ಕೊಡಬೇಕಷ್ಟೆ. ಗಮನಿಸಬೇಕಾದದ್ದು ಬೇರೆ. ಶಾಲೆಗಳಲ್ಲಿರುವ ಸಲಹೆಗಾರರಿಗೆ ಕಾಲೇಜು ವಿಶ್ವವಿದ್ಯಾಲಯಗಳಲ್ಲಿರುವವರಿಗಿಂತ ಹೆಚ್ಚು ವೇತನ ದೊರೆಯುತ್ತದೆ. ನಮ್ಮಲ್ಲಿ ಕಾಲೇಜು ಎಂದರೆ ಒಂದು ಮೆಟ್ಟಿಲು ಮೇಲು ಎಂಬ ಭಾವನೆ ಇದೆಯಲ್ಲ, ಅಲ್ಲಿ ಈ ಕೆಲಸದಲ್ಲಿ ಅದು ತಿರುಗುಮುರುಗು. ಸಾರ್ವಜನಿಕ ಶಾಲೆಯ ಸಲಹೆಗಾರರು ಸಾಮಾನ್ಯವಾಗಿ ಶಿಕ್ಷಕರ ವೇತನ ಶ್ರೇಣಿಯಲ್ಲಿಯೇ ಇರುತ್ತಾರೆ. ಸೇವಾವಧಿ, ಪದವಿಗಳಿಗೆ ತಕ್ಕಂತೆ ಅದು ಏರುತ್ತದೆ, ನಿವೃತ್ತಿವೇತನವೂ ಉಂಟು. ಶ್ರೇಣಿಯ ಒಳಗೆ ಇರುವುದು ಎಂಬುದೇ ಇಲ್ಲಿ ಮುಖ್ಯ ಮಾತು.

ಹಾಗೆಂದು ಅಲ್ಲಿ ಎಲ್ಲವೂ ಸಸೂತ್ರವಾಗಿದೆ ಎಂದು ತಿಳಿಯಬಾರದು. ಒಬ್ಬ ಸಲಹೆಗಾರನಿಗೆ 250 ವಿದ್ಯಾರ್ಥಿಗಳಿಗಿಂತ ಹೆಚ್ಚು ಇರಬಾರದೆಂಬುದು ಅಲ್ಲಿನ ಶಾಲಾ ಸಲಹೆಗಾರರ ಸಂಘದ ಶಿಫಾರಸು. 2023-24ರಲ್ಲಿ ರಾಷ್ಟ್ರೀಯ ಸರಾಸರಿ 376 ಇತ್ತು. ಅರಿಜೋನಾ ರಾಜ್ಯದಲ್ಲಿ 600ಕ್ಕೂ ಹೆಚ್ಚು. ಆರುನೂರು ಮಕ್ಕಳ ಹೆಸರನ್ನಾದರೂ ನೆನಪಿಟ್ಟುಕೊಳ್ಳುವುದು ಹೇಗೆ ಎಂದು ತರಗತಿಯಲ್ಲಿ ನಿಂತು ಪಾಠ ಹೇಳಿದ ನಮ್ಮ ಓದುಗ ಶಿಕ್ಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಲಹೆಗಾರರು ಮೇಜಿನ ಈಚೆಗಾದರೆ, ಮೇಜಿನ ಆಚೆಗೆ ಕಾಲೇಜುಗಳ ಪ್ರವೇಶ ಕಚೇರಿಗಳು. ಅಲ್ಲಿಗೆ ಹೊಸದಾಗಿ ಸೇರುವವರು ಬಹುತೇಕ ಆಗತಾನೇ ಪದವಿ ಮುಗಿಸಿದ ಯುವಕ ಯುವತಿಯರು. ಶರತ್ಕಾಲದಲ್ಲಿ ಊರೂರು ಸುತ್ತಿ ಶಾಲೆಗಳಿಗೆ ಹೋಗಿ ತಮ್ಮ ಕಾಲೇಜಿನ ಪರಿಚಯ ಮಾಡಿಕೊಡುವುದು, ಚಳಿಗಾಲದಲ್ಲಿ ರಾತ್ರಿಯೆಲ್ಲ ಅರ್ಜಿಗಳನ್ನು ಓದುವುದು ಅವರ ಕೆಲಸ. ಆರಂಭದ ವೇತನ ಕಡಿಮೆ, ದುಡಿಮೆ ಹೆಚ್ಚು. ಕೆಲವೇ ವರ್ಷಗಳಲ್ಲಿ ಅನೇಕರು ಬಿಟ್ಟು ಹೋಗುತ್ತಾರೆ. ಹಾಗೆ ಬಿಟ್ಟವರಲ್ಲಿ ಕೆಲವರು ಖಾಸಗಿ ಸಲಹೆಗಾರರಾಗಿ ಶ್ರೀಮಂತರ ಮನೆಗಳಿಂದ ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುತ್ತಾರೆ. ಇದು ತಪ್ಪಲ್ಲ, ವಕೀಲರೂ ವೈದ್ಯರೂ ಶುಲ್ಕ ಪಡೆಯುವುದಿಲ್ಲವೇ? ಆದರೆ ಹಣದ ಹೊಳೆ ಎಲ್ಲಿ ಹರಿಯುತ್ತದೆಯೋ ಅಲ್ಲಿ ಕೆಸರೂ ಸೇರುತ್ತದೆ. 2019ರ ಮಾರ್ಚಿನಲ್ಲಿ ವಿಲಿಯಂ ಸಿಂಗರ್ ಎಂಬ ಖಾಸಗಿ ಸಲಹೆಗಾರನ ಪ್ರಕರಣ ಬಯಲಾಯಿತು. ಕ್ರೀಡೆಯನ್ನೇ ಆಡದ ಮಕ್ಕಳನ್ನು ಕ್ರೀಡಾಪಟುಗಳೆಂದು ತೋರಿಸಿ, ತರಬೇತುದಾರರಿಗೆ ಲಂಚ ಕೊಟ್ಟು, ಪರೀಕ್ಷೆಯ ಉತ್ತರಗಳನ್ನು ತಿದ್ದಿಸಿ ಹೆಸರಾಂತ ವಿಶ್ವವಿದ್ಯಾಲಯಗಳಿಗೆ ಸೇರಿಸುತ್ತಿದ್ದ ಆತ ತಪ್ಪನ್ನು ಒಪ್ಪಿಕೊಂಡನು. 2023ರ ಜನವರಿಯಲ್ಲಿ ಮೂರೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು.

ಇನ್ನು ಗದಗಿನ ತಾಯಿಯವರ ಪ್ರಶ್ನೆಗೆ ನೇರವಾಗಿ ತಾಗುವ ವಿಷಯಕ್ಕೆ ಬರುತ್ತೇವೆ. ವಿದ್ಯಾರ್ಥಿಯನ್ನು ಸೇರಿಸಿಕೊಟ್ಟವರಿಗೆ ತಲೆಗಿಷ್ಟು ಎಂದು ಕಮಿಷನ್ ಕೊಡುವುದನ್ನು ಅಮೆರಿಕದ ಉನ್ನತ ಶಿಕ್ಷಣ ಕಾಯಿದೆಗೆ 1992ರಲ್ಲಿ ತಂದ ತಿದ್ದುಪಡಿ ನಿಷೇಧಿಸಿದೆ. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿನ ಹಣ ಪಡೆಯುವ ಯಾವ ಕಾಲೇಜೂ ಹಾಗೆ ಮಾಡುವಂತಿಲ್ಲ. ಕಾರಣ ಸ್ಪಷ್ಟ. ತಲೆಯ ಲೆಕ್ಕದಲ್ಲಿ ಹಣ ಪಡೆಯುವವನಿಗೆ ಆ ಮಗುವಿಗೆ ಯಾವ ಕಾಲೇಜು ಹೊಂದುತ್ತದೆ ಎಂಬುದಕ್ಕಿಂತ ಯಾವ ಕಾಲೇಜು ಹೆಚ್ಚು ಕೊಡುತ್ತದೆ ಎಂಬುದೇ ಮುಖ್ಯವಾಗುವ ಅಪಾಯವಿದೆ. ಆದರೆ ಅದೇ ಕಾಯಿದೆಯಲ್ಲಿ ಒಂದು ಕಿಂಡಿಯನ್ನು ಬಿಟ್ಟಿದ್ದಾರೆ: ಹೊರದೇಶಗಳಲ್ಲಿ ವಾಸಿಸುವ, ಆ ಸರ್ಕಾರಿ ನೆರವಿಗೆ ಅರ್ಹರಲ್ಲದ ವಿದೇಶೀ ವಿದ್ಯಾರ್ಥಿಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಪ್ರವೇಶಾಧಿಕಾರಿಗಳೂ ಸಲಹೆಗಾರರೂ ಕೂಡಿರುವ ಅಲ್ಲಿನ ರಾಷ್ಟ್ರೀಯ ಸಂಘ ಬಹುಕಾಲ ಕಮಿಷನ್ನನ್ನು ವಿರೋಧಿಸಿ, ದೀರ್ಘ ಚರ್ಚೆಯ ನಂತರ 2013ರಲ್ಲಿ ವಿದೇಶೀ ವಿದ್ಯಾರ್ಥಿಗಳ ಮಟ್ಟಿಗೆ, ಪಾರದರ್ಶಕತೆ ಇರಬೇಕೆಂಬ ಷರತ್ತಿನೊಡನೆ, ಒಪ್ಪಿಗೆ ಕೊಟ್ಟಿತು. ಅಂದರೆ ತಮ್ಮ ಮನೆಯ ಮಕ್ಕಳ ವಿಷಯದಲ್ಲಿ ಯಾವುದು ಸಲ್ಲದು ಎಂದರೋ ಅದು ಹುಬ್ಬಳ್ಳಿಯ ಮಕ್ಕಳ ವಿಷಯದಲ್ಲಿ ಸಲ್ಲುತ್ತದೆ. ಈ ವಾಕ್ಯವನ್ನು ಬರೆಯುವಾಗ ನಮ್ಮ ಲೇಖನಿ ಸ್ವಲ್ಪ ಹೊತ್ತು ನಿಂತಿತು.

ನಮ್ಮ ಊರುಗಳಲ್ಲಿ “ಸಲಹೆ ಸಂಪೂರ್ಣ ಉಚಿತ” ಎಂದು ಫಲಕ ಹಾಕಿಕೊಂಡಿರುವ ಕಚೇರಿಗಳು ಹೇಗೆ ನಡೆಯುತ್ತವೆ ಎಂದು ಓದುಗರಲ್ಲಿ ಎಷ್ಟು ಮಂದಿ ಯೋಚಿಸಿದ್ದಾರೆ? ಬಾಡಿಗೆ, ವಿದ್ಯುತ್ತು, ಸಿಬ್ಬಂದಿಯ ಸಂಬಳ ಎಲ್ಲವೂ ಎಲ್ಲಿಂದಲೋ ಬರಲೇಬೇಕು. ಅಲ್ಲಿಗೆ ಸೇರಿದ ವಿದ್ಯಾರ್ಥಿಯ ಮೊದಲ ವರ್ಷದ ಬೋಧನಾ ಶುಲ್ಕದಲ್ಲಿ ಒಂದು ಪಾಲನ್ನು ಆ ವಿಶ್ವವಿದ್ಯಾಲಯ ಏಜೆಂಟರಿಗೆ ಕೊಡುತ್ತದೆ. ಹೊಲ ಅಡವಿಟ್ಟು ಕಟ್ಟಿದ ಶುಲ್ಕದಲ್ಲಿಯೇ ಆ ಪಾಲು ಅಡಗಿರುತ್ತದೆ, ರಸೀದಿಯಲ್ಲಿ ಕಾಣುವುದಿಲ್ಲ. ಇಂಥ ಕಚೇರಿಗಳೆಲ್ಲ ಮೋಸದವು ಎಂದು ನಾವು ಹೇಳುತ್ತಿಲ್ಲ. ಅರ್ಜಿ, ವೀಸಾ, ಬ್ಯಾಂಕಿನ ಕಾಗದಪತ್ರಗಳ ಕಾಡಿನಲ್ಲಿ ಕೈಹಿಡಿದು ನಡೆಸಿದ ಪ್ರಾಮಾಣಿಕರನ್ನೂ ನಾವು ಬಲ್ಲೆವು. ಆದರೆ 2023ರಲ್ಲಿ ಕೆನಡಾ ದೇಶದಲ್ಲಿ ನಮ್ಮ ದೇಶದ ಹಲವು ವಿದ್ಯಾರ್ಥಿಗಳು ಗಡೀಪಾರಿನ ಭಯದಲ್ಲಿ ಬೀದಿಗಿಳಿದದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. ಅವರ ಕೈಯಲ್ಲಿದ್ದ ಕಾಲೇಜು ಪ್ರವೇಶ ಪತ್ರಗಳೇ ನಕಲಿಯಾಗಿದ್ದವು. ಏಜೆಂಟ್ ಕೊಟ್ಟದ್ದನ್ನು ನಂಬಿ ವರ್ಷಗಟ್ಟಲೆ ಅಲ್ಲಿ ಓದಿ ದುಡಿದ ಮೇಲೆ ಅದು ಅವರಿಗೆ ತಿಳಿದುಬಂದಿತ್ತು. ಆ ಮಕ್ಕಳ ಎದುರಿಗೆ ಒಂದು ದಿನ ಯಾರೋ ಒಬ್ಬರು ‘ಕೌನ್ಸೆಲರ್’ ಎಂಬ ಹೆಸರಿನ ಫಲಕ ಇಟ್ಟುಕೊಂಡು ಕುಳಿತಿದ್ದಿರಬೇಕು.

ಹಾಗಾದರೆ ನಮ್ಮ ದೇಶದ ಶಾಲೆಗಳಲ್ಲಿ ಈ ವೃತ್ತಿಯ ಸ್ಥಿತಿ ಏನು? ಉತ್ತರ ಅಷ್ಟೇನೂ ಸಂತೋಷದಾಯಕವಾಗಿಲ್ಲ. 1952-53ರ ಮುದಲಿಯಾರ್ ಆಯೋಗ ಮಾರ್ಗದರ್ಶನದ ಅಗತ್ಯವನ್ನು ಒತ್ತಿ ಹೇಳಿತು. 1964-66ರ ಕೊಠಾರಿ ಆಯೋಗ, ಪ್ರತಿ ಶಾಲೆಗೂ ಒಬ್ಬರನ್ನು ಕೊಡಲಾಗದಿದ್ದರೆ ಹತ್ತು ಶಾಲೆಗಳ ಗುಂಪಿಗಾದರೂ ಒಬ್ಬ ಸಂಚಾರಿ ಸಲಹೆಗಾರ ಇರಲಿ ಎಂದು ಹೇಳಿತು. ಎಷ್ಟು ಕಡಿಮೆ ಕೇಳಿದ್ದರು ನೋಡಿರಿ! ಆ ಕಡಿಮೆಯೂ ನಮ್ಮ ಬಹುಪಾಲು ಸರ್ಕಾರಿ ಶಾಲೆಗಳ ಮಕ್ಕಳಿಗೆ ಇಂದಿಗೂ ದೊರೆತಿಲ್ಲ. ದೆಹಲಿ ಸರ್ಕಾರದ ಶಾಲೆಗಳಲ್ಲಿ ಶೈಕ್ಷಣಿಕ ಹಾಗೂ ವೃತ್ತಿ ಮಾರ್ಗದರ್ಶನ ಸಲಹೆಗಾರರೆಂಬ ಹುದ್ದೆಗಳು ಉಂಟು. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಲಹೆಗಾರರನ್ನು ತೆಗೆದುಕೊಳ್ಳುವುದು ಬಹುಮಟ್ಟಿಗೆ ಒಪ್ಪಂದದ ಮೇಲೆ, ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ. ವರ್ಷ ಮುಗಿದರೆ ಮತ್ತೆ ಸಂದರ್ಶನಕ್ಕೆ ನಿಲ್ಲಬೇಕು. ಮಗು ಮನಸ್ಸು ಬಿಚ್ಚಿ ಮಾತನಾಡಲು ಆರಂಭಿಸುವ ಹೊತ್ತಿಗೆ ಕೇಳುವವರು ಬದಲಾಗಿರುತ್ತಾರೆ. ಸಿಬಿಎಸ್‌ಇ ಮಂಡಳಿಯ ನಿಯಮಗಳು ಪ್ರೌಢಶಾಲೆಗಳಲ್ಲಿ ಸಲಹೆಗಾರರು ಇರಬೇಕೆಂದು ವಿಧಿಸುತ್ತವೆ. ಅನೇಕ ಕಡೆ ಬೇರೆ ವಿಷಯದ ಶಿಕ್ಷಕರೊಬ್ಬರ ಹೆಸರನ್ನೇ ಆ ಕಾಲಂನಲ್ಲಿ ತುಂಬಿಸಿ ಮುಗಿಸುವುದೂ ಉಂಟು.

ಆದರೆ ಗಾಳಿ ಬೀಸುವ ದಿಕ್ಕು ಬದಲಾಗುತ್ತಿದೆ. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದ ಬಾಲಕಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಜುಲೈನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿಗಳನ್ನು ನೀಡಿತು. ಅದರಂತೆ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ, ಮಕ್ಕಳ ಹಾಗೂ ಹದಿಹರೆಯದವರ ಮನಸ್ಸಿನ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಸಲಹೆಗಾರರನ್ನಾಗಲಿ, ಮನಶ್ಶಾಸ್ತ್ರಜ್ಞರನ್ನಾಗಲಿ, ಸಮಾಜ ಕಾರ್ಯಕರ್ತರನ್ನಾಗಲಿ ಹೊಂದಿರಬೇಕು. ನೂರು ಮಕ್ಕಳು ಎಂದರೆ ನಮ್ಮ ಹೋಬಳಿ ಮಟ್ಟದ ಪ್ರೌಢಶಾಲೆಗಳೂ, ಅನೇಕ ವಿದ್ಯಾರ್ಥಿನಿಲಯಗಳಿರುವ ವಿದ್ಯಾಸಂಸ್ಥೆಗಳೂ ಇದರೊಳಗೆ ಬಂದುಬಿಡುತ್ತವೆ. ಇದು ಕಾಗದದ ಮೇಲೆ ಉಳಿಯುತ್ತದೆಯೋ ಕೋಣೆ, ಕುರ್ಚಿ, ಸಂಬಳಗಳಾಗಿ ಕಾಣಿಸಿಕೊಳ್ಳುತ್ತದೆಯೋ ಎಂಬುದು ಆಡಳಿತ ಮಂಡಳಿಗಳ ಕೈಯಲ್ಲಿದೆ.

ಈ ಮಾಸಿಕದ ಓದುಗರಲ್ಲಿ ಅಂಥ ಮಂಡಳಿಗಳ ಸದಸ್ಯರೂ ಇದ್ದಾರೆ. ಅವರಲ್ಲಿ ನಮ್ಮದೊಂದು ಅರಿಕೆ. ಹಿಂದೆ ನಮ್ಮ ಮಕ್ಕಳಿಗೆ ಈ ಕೆಲಸವನ್ನು ಮಾಡಿದವರು ಧಾರವಾಡದ ಮುರುಘಾಮಠ, ಸಿದ್ಧಗಂಗೆಯಂಥ ಕಡೆಗಳ ಪ್ರಸಾದನಿಲಯಗಳ ಹಿರಿಯರು. ಪುಸ್ತಕ ಬಿಟ್ಟು ಮೂಲೆಯಲ್ಲಿ ಕುಳಿತ ಹುಡುಗನನ್ನು ಕರೆದು, ಊಟ ಬಡಿಸುತ್ತಲೇ ವಿಚಾರಿಸಿ, ಇವನಿಗೆ ಕಾನೂನು ಒಗ್ಗುತ್ತದೆ, ಇವನಿಗೆ ಶಿಕ್ಷಕ ತರಬೇತಿ ಸಾಕು ಎಂದು ನಿರ್ಧರಿಸಿ ಪತ್ರ ಬರೆದುಕೊಟ್ಟು ಕಳಿಸಿದವರು ಅವರು. ಸಂಬಳವಿಲ್ಲದೆ ಮಾಡಿದರು. ಆದ್ದರಿಂದಲೇ ಇರಬಹುದು, ಇದು ಸಂಬಳ ಕೊಟ್ಟು ಮಾಡಿಸುವ ಕೆಲಸವಲ್ಲ ಎಂಬ ಭಾವನೆ ನಮ್ಮ ಮಂಡಳಿಗಳಲ್ಲಿ ಬೇರೂರಿದೆ. ಕೋಟಿಗಟ್ಟಲೆ ವ್ಯಯಿಸಿ ಸಭಾಭವನ ಕಟ್ಟಿಸಿ, ಮಕ್ಕಳ ಸಲಹೆಗಾರ್ತಿಗೆ ಶಾಲಾ ಬಸ್ಸಿನ ಚಾಲಕನಿಗಿಂತ ಕಡಿಮೆ ಕೊಡುವ ಸಂಸ್ಥೆಯೊಂದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಚಾಲಕನ ಸಂಬಳ ಹೆಚ್ಚಾಯಿತೆಂದು ನಮ್ಮ ದೂರಲ್ಲ; ಮಕ್ಕಳನ್ನು ಕ್ಷೇಮವಾಗಿ ಮನೆ ಸೇರಿಸುವವನಿಗೆ ಕೊಡಲೇಬೇಕು.

ತಾಯಿಯವರಿಗೆ ನಾವು ಬರೆದ ಉತ್ತರದಲ್ಲಿ ಮಗಳ ಪಕ್ಷವನ್ನು ಪೂರ್ತಿ ವಹಿಸಲಿಲ್ಲ. 16 ಸಾವಿರ ರೂಪಾಯಿಗಳ ಅಂತರ ಸಾಲವಿರುವ ಮನೆಗೆ ಸಣ್ಣ ಮಾತಲ್ಲ. ಅದನ್ನು ಆದರ್ಶದ ಹೆಸರಿನಲ್ಲಿ ತೇಲಿಸಿಬಿಡುವುದು ನಮಗೆ ಒಪ್ಪಿಗೆಯಿಲ್ಲ. ಆದರೆ ವಸತಿ ಶಾಲೆಯಲ್ಲಿ ಊಟ, ಬಾಡಿಗೆಗಳ ಖರ್ಚು ಉಳಿಯುತ್ತದೆ; ಹುಬ್ಬಳ್ಳಿಯಲ್ಲಿ ಕೋಣೆ ಹಿಡಿದು ಇರಬೇಕಾದರೆ ಹತ್ತು ಹನ್ನೆರಡು ಸಾವಿರ ಅಲ್ಲಿಯೇ ಕರಗುತ್ತದೆ. ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿರಿ ಎಂದೆವು. ಎರಡನೆಯದಾಗಿ, ಹೆಸರು ಒಂದೇ ಆದರೂ ಕೆಲಸಗಳು ಎರಡು. ಶಾಲೆಯಲ್ಲಿ ಅವಳು ಪಡೆಯುವುದು ಮಗುವಿನ ಮಾತನ್ನು ಕೇಳುವುದಕ್ಕಾಗಿ ಸಂಬಳ. ಆ ಮಗು ಎಲ್ಲಿಗೆ ಹೋದರೂ ಅದು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಕಚೇರಿಯಲ್ಲಿ ಅವಳು ಪಡೆಯುವುದು ಮಾರಾಟದ ಸಂಬಳ. ಮಾರಾಟವೂ ಮರ್ಯಾದೆಯ ಕೆಲಸವೇ. ಬಟ್ಟೆ ಅಂಗಡಿಯವನು ತಾನು ಬಟ್ಟೆ ಮಾರುವವನೆಂದು ಹೇಳಿಕೊಂಡೇ ಮಾರುತ್ತಾನೆ. ಇಲ್ಲಿ ಹಾಗೆ ಹೇಳಿಕೊಳ್ಳುವ ಅವಕಾಶ ಅವಳಿಗೆ ಇರುತ್ತದೆಯೇ ಎಂದು ಕೇಳಿರಿ. ಕಮಿಷನ್ ಕೊಡದ ಕಾಲೇಜಿನ ಹೆಸರನ್ನು, ಅದು ಆ ಹುಡುಗನಿಗೆ ಹೆಚ್ಚು ಹೊಂದುವಂತಿದ್ದರೆ, ಅವಳು ಬಾಯಿಬಿಟ್ಟು ಹೇಳಬಹುದೇ? “ನೀನು ಈ ವರ್ಷ ಹೋಗಬೇಡ” ಎಂದು ಹೇಳಬಹುದೇ? ಹೇಳಬಹುದು ಎಂದು ಅವರು ಬರೆದುಕೊಡುವುದಾದರೆ ಸಂತೋಷದಿಂದ ಸೇರಲಿ ಎಂದೆವು.

ಶಾಲೆಯವರಲ್ಲಿಯೂ ಕೇಳಬೇಕಾದದ್ದಿದೆ ಎಂದು ತಿಳಿಸಿದೆವು. ನೇಮಕಾತಿ ಒಂದು ವರ್ಷಕ್ಕೋ ಖಾಯಂಗೊಳ್ಳುತ್ತದೆಯೋ? ಶಿಕ್ಷಕರ ವೇತನ ಶ್ರೇಣಿಗೆ ಸೇರಿಸುವರೇ, ಭವಿಷ್ಯನಿಧಿ ಉಂಟೇ? ಬಾಗಿಲು ಹಾಕಿಕೊಂಡು ಮಾತನಾಡಬಹುದಾದ ಪ್ರತ್ಯೇಕ ಕೋಣೆ ಕೊಡುವರೇ? ಮಗು ಹೇಳಿದ ಗುಟ್ಟನ್ನು ಮುಖ್ಯೋಪಾಧ್ಯಾಯರು ಕೇಳಿದರೂ, ಜೀವಕ್ಕೆ ಅಪಾಯವಿಲ್ಲದ ಹೊರತು, ಹೇಳದೆ ಇರುವ ಹಕ್ಕು ಅವಳಿಗೆ ಇರುತ್ತದೆಯೇ? ಶಿಕ್ಷಕರು ರಜೆ ಹಾಕಿದ ದಿನ ತರಗತಿ ನೋಡಿಕೊಳ್ಳಲು ಅವಳನ್ನೇ ಕಳಿಸುವರೇ? ಈ ಕೊನೆಯದು ಕ್ಷುಲ್ಲಕವಾಗಿ ಕಂಡೀತು. ಆದರೆ ಈ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಮೊದಲು ಹೇಳುವ ದೂರು ಇದೇ.

ಅವಳ ಪದವಿಯೊಂದೇ ಸಾಲದು ಎಂಬುದನ್ನೂ ಬರೆದೆವು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಮಾರ್ಗದರ್ಶನ ಹಾಗೂ ಸಲಹೆಯ ವಿಷಯದಲ್ಲಿ ಒಂದು ವರ್ಷದ ಡಿಪ್ಲೊಮಾ ತರಬೇತಿಯನ್ನು ರೂಪಿಸಿದೆ: ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ಎದುರು ಕುಳಿತು ಕಲಿಯುವುದು, ಇನ್ನು ಮೂರು ತಿಂಗಳು ತಮ್ಮ ಊರಿನಲ್ಲಿಯೇ ಪ್ರಾಯೋಗಿಕ ಕೆಲಸ. ಅದರ ಅಧ್ಯಯನ ಕೇಂದ್ರಗಳಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಒಂದು. ಸೇವೆಯಲ್ಲಿರುವವರೂ ಅದಕ್ಕೆ ಸೇರಬಹುದಾದ್ದರಿಂದ, ಶಾಲೆಯವರು ಆ ಮೂರು ತಿಂಗಳಿಗೆ ರಜೆ ಕೊಡುತ್ತಾರೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳುವುದು ಒಳಿತು. ತನ್ನ ಕೈಮೀರಿದ ಪ್ರಕರಣಗಳನ್ನು ಯಾರಿಗೆ ಒಪ್ಪಿಸಬೇಕೆಂದು ತಿಳಿದಿರುವುದೂ ಈ ವೃತ್ತಿಯ ಅರ್ಧ ವಿದ್ಯೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ವಿಳಾಸ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಇವು ಅವಳ ಮೇಜಿನ ಗಾಜಿನ ಕೆಳಗೆ ಇರಲಿ ಎಂದು ಬರೆದೆವು.

ಒಂದೂವರೆ ತಿಂಗಳ ಬಳಿಕ ತಾಯಿಯವರ ಎರಡನೆಯ ಪತ್ರ ಬಂದಿತು. ಮಗಳು ನಮ್ಮ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಎರಡೂ ಕಡೆಗೆ ಹೋಗಿ ಬಂದಳಂತೆ. ಹುಬ್ಬಳ್ಳಿಯವರು ಸೌಜನ್ಯದಿಂದಲೇ ಮಾತನಾಡಿದರಂತೆ. ಬರೆದುಕೊಡುವುದು ಮಾತ್ರ ಸಾಧ್ಯವಿಲ್ಲವೆಂದರು. ಶಾಲೆಯವರು ಖಾಯಂ ಮಾಡುವ ಮಾತನ್ನು ಎರಡು ವರ್ಷದ ಮೇಲೆ ನೋಡೋಣ ಎಂದರು. ಸಂಬಳವನ್ನು 26 ಸಾವಿರಕ್ಕೆ ಏರಿಸಿದರು. ಮೈಸೂರಿನ ತರಬೇತಿಗೆ ಅರ್ಧ ಸಂಬಳದ ರಜೆ ಒಪ್ಪಿಕೊಂಡರು. ಭವಿಷ್ಯನಿಧಿಯ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಸಾಲದ ಕಂತು ಸದ್ಯಕ್ಕೆ ತಂದೆಯ ಸಂಬಳದಲ್ಲಿಯೇ ಹೋಗುತ್ತಿದೆ.

ಅವಳನ್ನು ಬಿಟ್ಟುಬರಲು ತಂದೆಯವರೇ ಹೋಗಿದ್ದರು. ಕೊಟ್ಟ ಕೋಣೆ ಆಟದ ಸಾಮಾನುಗಳನ್ನಿಡುತ್ತಿದ್ದ ಉಗ್ರಾಣ. ಹೋದವರು ಮಾತಾಡದೆ ಪೇಟೆಗೆ ಹೋಗಿ ಒಂದು ಅಗುಳಿ ತಂದು ಬಾಗಿಲಿನ ಒಳಮೈಗೆ ತಾವೇ ಜಡಿದು ಬಂದರಂತೆ. ಮೊದಲ ವಾರ ಯಾವ ಮಗುವೂ ಆ ಕಡೆ ಸುಳಿಯಲಿಲ್ಲ. ಎರಡನೆಯ ವಾರ ಎಂಟನೆಯ ತರಗತಿಯ ಹುಡುಗನೊಬ್ಬ ಬಾಗಿಲಿನಲ್ಲಿ ನಿಂತು, ಇಲ್ಲಿದ್ದ ವಾಲಿಬಾಲ್ ಎಲ್ಲಿಟ್ಟಿರಿ ಎಂದು ಕೇಳಿದನಂತೆ. ಗೊತ್ತಿಲ್ಲ, ಇಬ್ಬರೂ ಸೇರಿ ಹುಡುಕೋಣ ಬಾ ಎಂದು ಅವಳು ಎದ್ದಳಂತೆ.